ದ್ರಾಕ್ಷಿ ಬೀಜದ ಸಾರದ ಕ್ಯಾಪ್ಸೂಲ್: ನಮ್ಮ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದ ಒಂದು ಔಷಧ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್ ಆಗಿ 16 ವರ್ಷ ಆಯ್ತು. ಮೊದಲು ಜನ ಡಾಕ್ಟರ ಚೀಟಿ ಹಿಡಿದು ಬರುತ್ತಿದ್ದರು. ಈಗ ಮೊಬೈಲ್ ಮುಂದೆ ಹಿಡಿದು, "ಇದು ಬಿ.ಪಿ.ಗೆ ಭಾಳ ಚಲೋ ಅಂತ್ರೀ, ಐತೇನ್ರಿ ನಿಮ್ಮಲ್ಲಿ?" ಅಂತ ಕೇಳುತ್ತಾರೆ. ಹಾಗೆ ಕೇಳುವ ವಸ್ತುಗಳಲ್ಲಿ ದ್ರಾಕ್ಷಿ ಬೀಜದ ಸಾರವೂ ಒಂದು. ಕೌಂಟರ್ ಮುಂದೆ ಸಾಲು ನಿಂತಾಗ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ದ್ರಾಕ್ಷಿ ಬೀಜದ ಸಾರ ಅಂದ್ರೆ ಏನು?

ದ್ರಾಕ್ಷಿ ಹಿಂಡಿ ರಸ ಅಥವಾ ವೈನ್ ಮಾಡಿದ ಮೇಲೆ ಸಿಪ್ಪೆ ಮತ್ತು ಬೀಜ ಉಳಿಯುತ್ತವೆ. ಆ ಬೀಜ ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಆಲ್ಕೋಹಾಲ್‌ನಲ್ಲಿ ನೆನೆಹಾಕಿ ಅದರ ಸತ್ವ ಇಳಿಸುತ್ತಾರೆ. ಆಮೇಲೆ ದ್ರವ ಆರಿಸಿದರೆ ಕೆಂಪು ಮಿಶ್ರಿತ ಕಂದು ಪುಡಿ ಸಿಗುತ್ತದೆ. ಅದನ್ನೇ ಕ್ಯಾಪ್ಸೂಲ್‌ಗೆ ತುಂಬುವುದು.

ಒಂದು ಕ್ಯಾಪ್ಸೂಲ್ ಬಿಚ್ಚಿ ಚಿಟಿಕೆ ಪುಡಿ ನಾಲಿಗೆ ಮೇಲೆ ಇಟ್ಟು ನೋಡಿದ್ದೇನೆ. ನೇರಳೆ ಹಣ್ಣು ಜಾಸ್ತಿ ತಿಂದಾಗ ನಾಲಿಗೆ ಹೇಗೆ ಹಿಡಿದಂತಾಗುತ್ತದೆ, ಹಾಗೇ ಒಗರು. ಆ ಒಗರಿಗೆ ಕಾರಣವಾದ ವಸ್ತುವಿನ ಹೆಸರು ಪ್ರೊಆಂಥೋಸಯನಿಡಿನ್. ಡಬ್ಬಿ ಮೇಲೆ ಚಿಕ್ಕದಾಗಿ ಓಪಿಸಿ ಅಂತ ಬರೆದಿರುತ್ತಾರೆ. ಚಹಾ, ಅಡಿಕೆ, ದಾಳಿಂಬೆ ಸಿಪ್ಪೆಯ ಒಗರು ಕೂಡ ಇದೇ ದೊಡ್ಡ ಬಳಗದ್ದು.

ನಮ್ಮ ಸೀಮೆಯವರಿಗೆ ಇಷ್ಟವಾಗುವ ಸಂಗತಿ ಒಂದಿದೆ. 1940ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಜಾಕ್ ಮಾಸ್ಕೆಲಿಯೇ ಎಂಬ ವಿಜ್ಞಾನಿ ಈ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ದ್ರಾಕ್ಷಿಯಿಂದಲ್ಲ, ಶೇಂಗಾ ಬೀಜದ ಕೆಂಪು ಸಿಪ್ಪೆಯಿಂದ. ಚಟ್ನಿಗೆ ಶೇಂಗಾ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಊದಿ ಹಾರಿಸುತ್ತೇವಲ್ಲ, ಅದೇ ಸಿಪ್ಪೆ. ಪೈನ್ ಮರದ ತೊಗಟೆ, ದ್ರಾಕ್ಷಿ ಬೀಜ ಎಲ್ಲ ಆಮೇಲೆ ಬಂದವು. ಈ ಶೇಂಗಾ ಸಿಪ್ಪೆಯ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ, ಅಲ್ಲಿ ಸ್ವಲ್ಪ ಎಚ್ಚರದ ವಿಷಯ ಇದೆ.

ನಾವು ದ್ರಾಕ್ಷಿ ತಿಂತೀವಲ್ಲ, ಅದರಲ್ಲೇ ಸಿಗಲ್ವಾ?

ನಾವು ತಿನ್ನುವ ಹೆಚ್ಚಿನ ದ್ರಾಕ್ಷಿಯಲ್ಲಿ ಬೀಜವೇ ಇರುವುದಿಲ್ಲ. ವಿಜಯಪುರದಿಂದ ಬರುವ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಎಲ್ಲವೂ ಬೀಜರಹಿತ ತಳಿಗಳು. ಅದೇ ಹಣ್ಣು ಒಣಗಿಸಿದ ಒಣದ್ರಾಕ್ಷಿಯಲ್ಲೂ ಬೀಜ ಇಲ್ಲ. ಬೀಜ ಬೇಕು ಅಂದರೆ ಬೆಂಗಳೂರು ಬ್ಲೂ ಥರದ ಕಪ್ಪು ದ್ರಾಕ್ಷಿ ತಿನ್ನಬೇಕು. ಅದರ ಬೀಜ ಅಗಿದು ತಿಂದರೆ ತೊಂದರೆ ಇಲ್ಲ, ಆದರೆ ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಕ್ಯಾಪ್ಸೂಲ್‌ನಲ್ಲಿ ಇರುವಷ್ಟು ಗಟ್ಟಿ ಪ್ರಮಾಣ ಹಣ್ಣು ತಿಂದು ಬರುವುದಿಲ್ಲ.

ಹಾಗಾದ್ರೆ ಬೀಜ ಒಣಗಿಸಿ ಮನೇಲೇ ಪುಡಿ ಮಾಡ್ಕೊಂಡ್ರೆ?

ಬೇಡ ಅಂತ ಹೇಳುತ್ತೇನೆ. ಕುಷ್ಟಗಿ ಕಡೆಯ ಒಬ್ಬ ರೈತರು ಇದನ್ನೇ ಕೇಳಿದ್ದರು. ಅವರಿಗೇ ಗೊತ್ತಿತ್ತು: ಬೂದಿ ರೋಗ, ಡೌನಿ ರೋಗಕ್ಕೆ ದ್ರಾಕ್ಷಿ ಬಳ್ಳಿಗೆ ಎಷ್ಟು ಸಲ ಔಷಧಿ ಹೊಡೆಯಬೇಕಾಗುತ್ತದೆ ಅಂತ. ಮನೆಯ ಪುಡಿಯಲ್ಲಿ ಆ ಉಳಿಕೆ ಎಷ್ಟು, ಓಪಿಸಿ ಎಷ್ಟು ಅಂತ ಅಳೆಯಲು ದಾರಿ ಇಲ್ಲ. ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು ಹಣ್ಣಾಗಿ ತಿನ್ನಿ, ಅಷ್ಟು ಸಾಕು.

ಬಿ.ಪಿ. ಇಳಿಯುತ್ತಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನೇರ ಉತ್ತರ: ಸ್ವಲ್ಪ ಇಳಿಯಬಹುದು. ಗುಳಿಗೆಗೆ ಬದಲಿ ಆಗುವಷ್ಟು ಇಳಿಯುವುದಿಲ್ಲ.

ಇದರ ಮೇಲೆ ಮನುಷ್ಯರಲ್ಲಿ ಮಾಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. 2011ರಲ್ಲಿ 9 ಪ್ರಯೋಗಗಳ 390 ಜನರ ಲೆಕ್ಕ ಬಂತು. ಮೇಲಿನ ಅಂಕಿ ಸರಾಸರಿ ಒಂದೂವರೆ ಪಾಯಿಂಟ್ ಇಳಿದಿತ್ತು, ಅಷ್ಟೇ. 2016ರಲ್ಲಿ 16 ಪ್ರಯೋಗಗಳ 810 ಜನರ ಲೆಕ್ಕ ಬಂತು. ಅದರಲ್ಲಿ ಮೇಲಿನ ಅಂಕಿ ಸುಮಾರು 6, ಕೆಳಗಿನ ಅಂಕಿ ಸುಮಾರು 3 ಇಳಿದಿತ್ತು. ವಯಸ್ಸು ಕಡಿಮೆ ಇದ್ದವರಲ್ಲಿ, ತೂಕ ಜಾಸ್ತಿ ಇದ್ದವರಲ್ಲಿ ಪರಿಣಾಮ ಹೆಚ್ಚು ಕಂಡಿತು.

ಈ ಅಂಕಿಗಳನ್ನು ಹೀಗೆ ನೋಡಿ. ನಿಮ್ಮ ಬಿ.ಪಿ. 160/100 ಇದೆ ಅಂತಿಟ್ಟುಕೊಳ್ಳಿ. ಒಳ್ಳೆಯ ಲೆಕ್ಕವನ್ನೇ ಹಿಡಿದರೂ ಅದು 154/97ಕ್ಕೆ ಬರುತ್ತದೆ. ಅದು ಇನ್ನೂ ಹೈ ಬಿ.ಪಿ.ಯೇ ಅಲ್ವಾ? ಇನ್ನೊಂದು ಮಾತು. 810 ಜನರನ್ನು 16 ಪ್ರಯೋಗಕ್ಕೆ ಹಂಚಿದರೆ ಒಂದೊಂದರಲ್ಲಿ ಸುಮಾರು 50 ಜನ. ಇಷ್ಟು ಸಣ್ಣ ಪ್ರಯೋಗಗಳಿಂದ ಲಕ್ವಾ ತಪ್ಪಿತು, ಹಾರ್ಟ್ ಅಟ್ಯಾಕ್ ತಪ್ಪಿತು ಅಂತ ಯಾರೂ ತೋರಿಸಿಲ್ಲ. ಬಿ.ಪಿ. ಗುಳಿಗೆಗಳ ವಿಷಯದಲ್ಲಿ ಅದನ್ನು ಸಾವಿರಾರು ಜನರಲ್ಲಿ ತೋರಿಸಿದ್ದಾರೆ.

ನನಗೆ ನಿಜವಾದ ಭಯ ಇರುವುದು ಇಲ್ಲೇ. ಕ್ಯಾಪ್ಸೂಲ್ ಶುರು ಮಾಡಿದ ಸಂತೋಷದಲ್ಲಿ ಜನ ದಿನದ ಗುಳಿಗೆ ಬಿಡುತ್ತಾರೆ. "ಇಂಗ್ಲಿಷ್ ಗುಳಿಗಿ ಎಷ್ಟು ದಿನ ನುಂಗೂದ್ರಿ, ಇದು ನ್ಯಾಚುರಲ್ ಐತಿ" ಅಂತಾರೆ. ಗುಳಿಗೆ ಬಿಟ್ಟ ಮೇಲೆ ಬಿ.ಪಿ. ಏರಿದರೆ ಮೈಗೆ ಗೊತ್ತಾಗುವುದಿಲ್ಲ. ತಲೆ ಸುತ್ತು ಬರಲೇಬೇಕು, ತಲೆ ನೋಯಲೇಬೇಕು ಅಂತೇನಿಲ್ಲ. ಸುಮ್ನೆ ಏರಿ ಕೂತಿರುತ್ತದೆ. ದುಡ್ಡಿನ ಕಾರಣಕ್ಕೆ ಗುಳಿಗೆ ಬಿಡುವವರಿದ್ದರೆ ದಯವಿಟ್ಟು ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಅಲ್ಲಿ ಬಿ.ಪಿ., ಶುಗರ್ ಗುಳಿಗೆ ಉಚಿತವಾಗಿ ಕೊಡುತ್ತಾರೆ. ಜನೌಷಧಿ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಈ ಕ್ಯಾಪ್ಸೂಲ್‌ನ ಒಂದು ಡಬ್ಬಿ ದುಡ್ಡಿನಲ್ಲಿ ಬಿ.ಪಿ. ಗುಳಿಗೆ ಎಷ್ಟೋ ತಿಂಗಳಿಗೆ ಆಗುತ್ತದೆ.

ವಿಟಮಿನ್ ಸಿ ಸೇರಿಸಿದ ಕ್ಯಾಪ್ಸೂಲ್ ಇನ್ನೂ ಒಳ್ಳೇದಂತೆ, ಹೌದಾ?

ಬಿ.ಪಿ. ಇರುವವರು ಇದನ್ನು ಗಮನ ಇಟ್ಟು ಓದಿ. 2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಬಿ.ಪಿ.ಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದ 69 ಜನ ಇದ್ದರು. ಕೆಲವರಿಗೆ ದಿನಕ್ಕೆ 500 ಮಿ.ಗ್ರಾಂ. ವಿಟಮಿನ್ ಸಿ, ಕೆಲವರಿಗೆ 1000 ಮಿ.ಗ್ರಾಂ. ದ್ರಾಕ್ಷಿ ಬೀಜದ ಸತ್ವ, ಕೆಲವರಿಗೆ ಎರಡೂ ಕೊಟ್ಟರು. 6 ವಾರ ಆದ ಮೇಲೆ ನೋಡಿದರೆ, ಎರಡೂ ಸೇರಿಸಿ ತೆಗೆದುಕೊಂಡವರ ಬಿ.ಪಿ. ಇಳಿಯುವ ಬದಲು ಏರಿತ್ತು. ಮೇಲಿನ ಅಂಕಿ ಸುಮಾರು 5 ಪಾಯಿಂಟ್ ಜಾಸ್ತಿ.

ಇದು ಒಂದೇ ಪ್ರಯೋಗ, ಪ್ರಮಾಣವೂ ದೊಡ್ಡದು. ಆದರೂ ನಮ್ಮ ಅಂಗಡಿಗೆ ಬರುವ ಡಬ್ಬಿಗಳಲ್ಲಿ "ವಿಟಮಿನ್ ಸಿ ಜೊತೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಕಂಡಾಗ ಬಿ.ಪಿ. ಇರುವವರಿಗೆ ನಾನು ಅದನ್ನು ಕೊಡುವುದಿಲ್ಲ. ಎರಡು ಒಳ್ಳೆಯ ವಸ್ತು ಕೂಡಿಸಿದರೆ ಎರಡು ಪಟ್ಟು ಒಳ್ಳೆಯದಾಗುತ್ತದೆ ಅನ್ನುವುದು ಔಷಧದಲ್ಲಿ ನಡೆಯುವ ಲೆಕ್ಕ ಅಲ್ಲ.

ಕಾಲು ಊತ, ನರ ಉಬ್ಬಿದ್ದಕ್ಕೆ ಉಪಯೋಗ ಆಗುತ್ತಾ?

ಫ್ರಾನ್ಸಿನಲ್ಲಿ ಇದನ್ನು ಕಾಲಿನ ರಕ್ತನಾಳದ ತೊಂದರೆಗೆ ಬಹಳ ಹಿಂದಿನಿಂದ ಬಳಸಿದ್ದಾರೆ. ಕಾಲು ಭಾರ, ಸೆಳೆತ, ಸಂಜೆ ಹೊತ್ತಿಗೆ ಊತ ಕಡಿಮೆಯಾಯಿತು ಅಂತ ಕೆಲವು ಹಳೆಯ, ಸಣ್ಣ ಪ್ರಯೋಗಗಳು ಹೇಳುತ್ತವೆ. ಉಬ್ಬಿದ ನರ ಹೋಗಿಬಿಡುತ್ತದೆ ಅಂತ ಯಾವುದೂ ಹೇಳುವುದಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದಿನವಿಡೀ ನಿಲ್ಲುವವರು, ಹೋಟೆಲ್‌ನಲ್ಲಿ ಒಲೆ ಮುಂದೆ ನಿಲ್ಲುವವರು, ಬಸ್ ಕಂಡಕ್ಟರ್‌ಗಳು ಇದನ್ನು ಕೇಳುತ್ತಾರೆ. ಅವರ ಕಾಲು ನೋಡಿದರೆ ಸಂಕಟ ಆಗುತ್ತದೆ. ಅವರಿಗೆ ನಾನು ಮೊದಲು ಹೇಳುವುದು, ರಾತ್ರಿ ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಡಿ, ಡಾಕ್ಟರ್ ಹೇಳಿದ ಅಳತೆಯ ಬಿಗಿ ಸ್ಟಾಕಿಂಗ್ಸ್ ಬೆಳಿಗ್ಗೆ ಏಳುವಾಗಲೇ ಹಾಕಿಕೊಳ್ಳಿ, ನಿಂತ ಜಾಗದಲ್ಲೇ ಹಿಮ್ಮಡಿ ಎತ್ತಿ ಇಳಿಸಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಿದ್ದರೆ ಕ್ಯಾಪ್ಸೂಲ್ ಹುಡುಕಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದು ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಎರಡೂ ಕಾಲು ಊದಿ ಉಸಿರು ಕಟ್ಟುತ್ತಿದ್ದರೂ ಅಷ್ಟೇ, ಹೃದಯ ಅಥವಾ ಕಿಡ್ನಿ ನೋಡಿಸಬೇಕು.

ಶುಗರ್, ಕೊಲೆಸ್ಟ್ರಾಲ್‌ಗೆ?

ನಂಬಿ ದುಡ್ಡು ಹಾಕುವಷ್ಟು ಆಧಾರ ಇಲ್ಲ. ಮೇಲೆ ಹೇಳಿದ 2011ರ ಲೆಕ್ಕದಲ್ಲಿ ಕೊಲೆಸ್ಟ್ರಾಲ್ ಮೇಲೆ ಪರಿಣಾಮವೇ ಕಾಣಲಿಲ್ಲ. ಶುಗರ್ ಗುಳಿಗೆ ಅಥವಾ ಇನ್ಸುಲಿನ್ ಬದಲಿಗೆ ಇದನ್ನು ತೆಗೆದುಕೊಳ್ಳುವ ಮಾತೇ ಬೇಡ.

ಕ್ಯಾನ್ಸರ್ ಗುಣ ಮಾಡುತ್ತೆ ಅಂತ ವಿಡಿಯೋ ಬಂದಿದೆ…

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ, ಇಲಿಗಳ ಮೇಲೆ ಪರಿಣಾಮ ಕಂಡಿದೆ ನಿಜ. ಮನುಷ್ಯರಲ್ಲಿ ಕ್ಯಾನ್ಸರ್ ಗುಣವಾಗಿದ್ದು ಎಲ್ಲೂ ಸಾಬೀತಾಗಿಲ್ಲ. ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟ ಮೇಲೆ ಮಾಂಸ ಗಟ್ಟಿಯಾಗುವ ತೊಂದರೆ ಬರುತ್ತದಲ್ಲ, ಅದಕ್ಕೆ ಇಂಗ್ಲೆಂಡಿನಲ್ಲಿ 6 ತಿಂಗಳು ಕೊಟ್ಟು ನೋಡಿದ್ದರು. ಅದರಲ್ಲೂ ಪ್ರಯೋಜನ ಕಾಣಲಿಲ್ಲ. ಕೀಮೋ, ರೇಡಿಯೇಷನ್ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಯಾವ ಕ್ಯಾಪ್ಸೂಲನ್ನೂ ನುಂಗಬೇಡಿ. ನಮ್ಮ ಕಡೆಯಿಂದ ಕಿದ್ವಾಯಿ ಆಸ್ಪತ್ರೆಗೆ ಅಂತ ಬೆಂಗಳೂರಿನ ರೈಲು ಹತ್ತುವ ಮನೆಯವರ ಕಷ್ಟ ನೋಡಿದ್ದೇನೆ. ಅವರಿಗೆ ಇಂಥ ಆಸೆ ತೋರಿಸಿ ದುಡ್ಡು ಕೀಳುವುದು ಅನ್ಯಾಯ.

ಮುಖದ ಕಾಂತಿಗೆ?

ಕಾಂತಿಗೆ ಅಂತ ಜಾಹೀರಾತು ಬಹಳ ಇದೆ, ಆಧಾರ ತೀರಾ ಕಡಿಮೆ. ನಮ್ಮ ಬಿಸಿಲಿಗೆ ತಲೆ ಮೇಲೆ ಸೆರಗು, ಕೊಡೆ, ಟವಲ್ ಹೆಚ್ಚು ಕೆಲಸ ಮಾಡುತ್ತವೆ.

ಅಡ್ಡ ಪರಿಣಾಮ ಏನಾದ್ರೂ ಇದೆಯಾ?

ಆರೋಗ್ಯವಾಗಿರುವ ದೊಡ್ಡವರಿಗೆ ಸಾಮಾನ್ಯ ಪ್ರಮಾಣದಲ್ಲಿ ಇದು ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. 11 ತಿಂಗಳವರೆಗೂ ಪ್ರಯೋಗಗಳಲ್ಲಿ ಕೊಟ್ಟಿದ್ದಾರೆ, ದೊಡ್ಡ ಅನಾಹುತ ಆಗಿಲ್ಲ. ಕೆಲವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಹೊಟ್ಟೆನೋವು, ನೆತ್ತಿ ತುರಿಕೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಆ ಒಗರಿಗೆ ಹೊಟ್ಟೆ ತೊಳಸಿದಂತಾಗುತ್ತದೆ ಅಂತ ಕೆಲವರು ಬಂದು ಹೇಳಿದ್ದಾರೆ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟುತ್ತದೆ. ಬಿ.ಪಿ. ಗುಳಿಗೆ ತೆಗೆದುಕೊಂಡು, ಬಿಸಿಲಲ್ಲಿ ದುಡಿದು, ಬೆವರು ಸುರಿಸಿ, ನೀರು ಕಡಿಮೆ ಕುಡಿದವರಿಗೆ ಮೊದಲೇ ಬಿ.ಪಿ. ಇಳಿದಿರುತ್ತದೆ. ಅದರ ಮೇಲೆ ಇದೂ ಸೇರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಹಾಗೆ ಆದರೆ ಕೂತುಬಿಡಿ, ನೀರು ಕುಡಿಯಿರಿ, ಬಿ.ಪಿ. ಚೆಕ್ ಮಾಡಿಸಿ.

ರಕ್ತ ತೆಳುವಾಗುವ ಗುಳಿಗೆ ತಗೋತಾ ಇದ್ದೀನಿ. ಇದನ್ನೂ ತಗೋಬಹುದಾ?

ಡಾಕ್ಟರ್ ಒಪ್ಪದೆ ಬೇಡ. ಇದೊಂದನ್ನು ನೀವು ಬೇರೆಯವರಿಗೂ ಹೇಳಿದರೆ ನನಗೆ ಖುಷಿ.

ದ್ರಾಕ್ಷಿ ಬೀಜದ ಸಾರಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ನಿಧಾನ ಮಾಡುವ ಗುಣ ಇರಬಹುದು. ಇದೊಂದನ್ನೇ ತೆಗೆದುಕೊಂಡರೆ ಅದು ಗೊತ್ತಾಗದೇ ಹೋಗಬಹುದು. ಆದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಸಿಟ್ರೋಮ್ ಥರದ ಗುಳಿಗೆ ಮೇಲೆ ಇದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಾಗಬಹುದು. ಹೃದಯದ ವಾಲ್ವ್ ಬದಲಿಸಿಕೊಂಡು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್ಆರ್ ಪರೀಕ್ಷೆ ಮಾಡಿಸುತ್ತಿರುವವರು ಇದರ ಹತ್ತಿರವೂ ಹೋಗಬೇಡಿ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಅವ್ವನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ದಿನಾ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ನಡೆಯುತ್ತಿತ್ತು. ಒಂದು ದಿನ ರೊಟ್ಟಿ ಬಡಿಯುವಾಗ ಅವಳ ಮುಂಗೈ ನೋಡಿದೆ. ಬಳೆ ಒತ್ತುವ ಜಾಗದಲ್ಲಿ ನಾಣ್ಯದಷ್ಟು ಅಗಲದ ನೀಲಿ ಕಲೆಗಳು, ಮೂರು ನಾಲ್ಕು. ಎಲ್ಲಿ ಬಡಿಸಿಕೊಂಡೆ ಅಂದರೆ ಎಲ್ಲೂ ಇಲ್ಲ ಅಂದಳು. ಹಲ್ಲುಜ್ಜುವಾಗ ರಕ್ತ ಬರುತ್ತದೆ ಅಂತಲೂ ಆಗಲೇ ಹೇಳಿದ್ದು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಹೊಸದಾಗಿ ಏನರ ತಗೊಳ್ಳಾಕತ್ತೀರೇನಮ್ಮಾ?" ಅವ್ವ ಇಲ್ಲ ಅಂದಳು. ಅವಳ ಲೆಕ್ಕದಲ್ಲಿ ಅದು ಗುಳಿಗೆಯೇ ಅಲ್ಲ.

ಮನೆಗೆ ಬಂದು ಅಡುಗೆಮನೆಯ ಗೂಡಿನಲ್ಲಿ ಹುಡುಕಿದಾಗ ಅರಿಶಿನದ ಡಬ್ಬಿ ಹಿಂದೆ ಸಿಕ್ಕಿತು. ಸಂಬಂಧಿಕರೊಬ್ಬರು ಪ್ರೀತಿಯಿಂದ ತಂದುಕೊಟ್ಟಿದ್ದ ದ್ರಾಕ್ಷಿ ಬೀಜದ ಕ್ಯಾಪ್ಸೂಲ್. ಅವಳು ಐದು ವಾರದಿಂದ ದಿನಾ ಎರಡು ನುಂಗುತ್ತಿದ್ದಳು. ಊರಿಗೆಲ್ಲ ಔಷಧ ಕೊಡುವ ನನಗೆ ನನ್ನ ಮನೆಯ ಗೂಡಿನಲ್ಲಿ ಇದ್ದದ್ದು ಗೊತ್ತಿರಲಿಲ್ಲ. ಡಾಕ್ಟರ್ ಹೇಳಿದಂತೆ ಅದನ್ನು ನಿಲ್ಲಿಸಿದೆವು, ಸ್ಟೆಂಟ್‌ನ ಗುಳಿಗೆ ಹಾಗೇ ಮುಂದುವರಿಸಿದೆವು. ಎರಡು ಮೂರು ವಾರದಲ್ಲಿ ಹೊಸ ಕಲೆ ಬರುವುದು ನಿಂತಿತು. ಅಂಥ ಕಲೆ ಬರೀ ಆ ಎರಡು ಗುಳಿಗೆಯಿಂದಲೂ ಬರಬಹುದು, ಹಾಗಾಗಿ ಕ್ಯಾಪ್ಸೂಲೇ ಕಾರಣ ಅಂತ ಗೆರೆ ಎಳೆದು ಹೇಳುವುದಿಲ್ಲ ಅಂತ ಡಾಕ್ಟರ್ ಅಂದರು. ಆದರೆ ಸ್ಟೆಂಟ್ ಇರುವವರ ಮೈ ಇಂಥದ್ದನ್ನು ಪ್ರಯೋಗ ಮಾಡಿ ನೋಡುವ ಜಾಗ ಅಲ್ಲ.

ಒಂದು ಮಾತು ತಪ್ಪು ತಿಳಿಯಬೇಡಿ. ಸ್ಟೆಂಟ್ ಇರುವವರು ಕಲೆ ಕಂಡ ತಕ್ಷಣ ಆಸ್ಪಿರಿನ್ ನಿಲ್ಲಿಸಬಾರದು. ನಿಲ್ಲಿಸಬೇಕಾದ್ದು ಕ್ಯಾಪ್ಸೂಲನ್ನು. ಕರಿ ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ, ಬಿದ್ದು ತಲೆಗೆ ಪೆಟ್ಟಾಗಿದ್ದು, ಇವು ಯಾವುದಾದರೂ ಇದ್ದರೆ ನೇರ ದೊಡ್ಡಾಸ್ಪತ್ರೆಗೆ.

ಹಲ್ಲು ಕೀಳಿಸಬೇಕು, ಆಪರೇಷನ್ ಇದೆ. ಮುಂದುವರಿಸಲಾ?

ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ನಿಲ್ಲಿಸುವುದು ಒಳ್ಳೆಯದು. ಹಲ್ಲಿನ ಡಾಕ್ಟರಿಗೂ, ಅನಸ್ತೇಷಿಯಾ ಡಾಕ್ಟರಿಗೂ ಹೆಸರು ಹೇಳಿ. ಹೆಸರು ನೆನಪಿರದಿದ್ದರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ಬಸುರಿಯರು, ಬಾಣಂತಿಯರು, ಮಕ್ಕಳು?

ಬೇಡ. ಇವರಿಗೆ ಸುರಕ್ಷಿತ ಅಂತ ಹೇಳುವಷ್ಟು ಪರೀಕ್ಷೆ ಆಗಿಲ್ಲ. ಹೊಟ್ಟೆಯಲ್ಲಿ ಮಗು ಇರುವಾಗ, ಹಾಲು ಕುಡಿಸುವಾಗ ಇದರಿಂದ ಆಗಬೇಕಾದದ್ದೂ ಏನಿಲ್ಲ.

ಕಬ್ಬಿಣದ ಗುಳಿಗೆ ತಗೋತಾ ಇದ್ದೀನಿ, ರಕ್ತ ಕಡಿಮೆ ಇದೆ…

ಇದನ್ನು ಜನ ಕೇಳುವುದಿಲ್ಲ, ನಾನೇ ಸೇರಿಸಿದ್ದೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇತ್ತು. ನಮ್ಮ ಭಾಗದ ಹೊಲದಲ್ಲಿ ಕಳೆ ತೆಗೆಯುವ ಅಕ್ಕಂದಿರ ಕಣ್ಣಿನ ಒಳಗೆ ನೋಡಿದರೆ ಅಂಕಿ ಸಂಖ್ಯೆ ಬೇಕಾಗುವುದಿಲ್ಲ, ಬಿಳಿಚಿಕೊಂಡಿರುತ್ತದೆ.

ಒಗರಿನ ವಸ್ತುಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ, ಮೈಗೆ ಹತ್ತಲು ಬಿಡುವುದಿಲ್ಲ. ಊಟ ಆದ ಕೂಡಲೇ ಚಹಾ ಕುಡಿಯಬೇಡಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದು ಅದಕ್ಕೇ. ದ್ರಾಕ್ಷಿ ಬೀಜದ ಸಾರದಲ್ಲಿ ಇರುವುದೇ ಗಟ್ಟಿ ಒಗರು. ರಕ್ತ ಕಡಿಮೆ ಇರುವವರು ಇದನ್ನು ಬಿಟ್ಟು ಮೊದಲು ಹಿಮೋಗ್ಲೋಬಿನ್ ಸರಿ ಮಾಡಿಕೊಳ್ಳಿ. ತಗೊಳ್ಳಲೇಬೇಕಾದರೆ ಕಬ್ಬಿಣದ ಗುಳಿಗೆಗೂ ಇದಕ್ಕೂ ಕೆಲವು ಗಂಟೆ ಅಂತರ ಇರಲಿ.

ಶೇಂಗಾ ಅಲರ್ಜಿ ಇದ್ದವರಿಗೆ ತೊಂದರೆ ಇದೆಯಾ? ಇದು ದ್ರಾಕ್ಷಿದಲ್ವಾ?

ದ್ರಾಕ್ಷಿದು ಅಂತ ಡಬ್ಬಿ ಹೇಳುತ್ತದೆ. ಒಳಗೆ ಬೇರೆ ಇರಬಹುದು. ಶೇಂಗಾ ಸಿಪ್ಪೆಯಲ್ಲೂ ಅದೇ ಬಳಗದ ವಸ್ತು ಇದೆ ಅಂದೆನಲ್ಲ. ಅದು ಅಗ್ಗ, ಬಣ್ಣವೂ ಅದೇ, ಒಗರೂ ಅದೇ. ಹಾಗಾಗಿ ಕಲಬೆರಕೆ ಮಾಡುವವರಿಗೆ ಸುಲಭ. 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮಾರುಕಟ್ಟೆಯಿಂದ ಕೊಂಡ 21 ದ್ರಾಕ್ಷಿ ಬೀಜದ ಉತ್ಪನ್ನಗಳನ್ನು ನೋಡಿದರು. 9ರಲ್ಲಿ ಶೇಂಗಾ ಸಿಪ್ಪೆಯ ಸಾರ ಸಿಕ್ಕಿತು. ಅಂದರೆ ಸುಮಾರು ಐದರಲ್ಲಿ ಎರಡು.

ನಮ್ಮ ಹೆಚ್ಚಿನವರಿಗೆ ಶೇಂಗಾ ದಿನದ ಊಟ. ಆದರೆ ಅಲರ್ಜಿ ಇರುವವರಿಗೆ ಅದು ಜೀವಕ್ಕೇ ಬರಬಹುದು. ಶೇಂಗಾ ತಿಂದರೆ ತುಟಿ ಊದುವವರು, ಮೈಮೇಲೆ ದದ್ದು ಏಳುವವರು ಈ ಕ್ಯಾಪ್ಸೂಲ್ ಮುಟ್ಟಬೇಡಿ.

ಗ್ರೇಪ್‌ಫ್ರೂಟ್ ಬೀಜದ ಸಾರ, ದ್ರಾಕ್ಷಿ ಬೀಜದ ಎಣ್ಣೆ, ಎಲ್ಲ ಒಂದೇನಾ?

ಮೂರೂ ಬೇರೆ ಬೇರೆ. ಗ್ರೇಪ್‌ಫ್ರೂಟ್ ಅಂದರೆ ಚಕ್ಕೋತದ ಸಂಬಂಧಿ, ಕಿತ್ತಳೆ ಜಾತಿಯ ಹಣ್ಣು. ಅದಕ್ಕೂ ದ್ರಾಕ್ಷಿಗೂ ಸಂಬಂಧವೇ ಇಲ್ಲ. ಗ್ರೇಪ್‌ಫ್ರೂಟ್ ಹಣ್ಣು ಕೆಲವು ಬಿ.ಪಿ., ಕೊಲೆಸ್ಟ್ರಾಲ್ ಗುಳಿಗೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ಅದರ ಬೀಜದ ಸಾರ ಅಂತ ಮಾರಿದ ಕೆಲವದರಲ್ಲಿ ಕೀಟಾಣು ಕೊಲ್ಲುವ ರಾಸಾಯನಿಕಗಳೂ ಸಿಕ್ಕಿವೆ. ಆನ್‌ಲೈನ್‌ನಲ್ಲಿ ತರಿಸುವಾಗ ಹೆಸರು ಪೂರ್ತಿ ಓದಿ. ದ್ರಾಕ್ಷಿ ಬೀಜದ ಎಣ್ಣೆ ಅಡುಗೆಗೆ, ಮೈಗೆ ಹಚ್ಚಲು ಬಳಸುವಂಥದ್ದು. ಓಪಿಸಿ ಎಣ್ಣೆಗೆ ಇಳಿಯುವುದು ತೀರಾ ಕಡಿಮೆ.

ಡಬ್ಬಿ ಮೇಲೆ ಏನು ನೋಡಬೇಕು?

ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್. ಆ ನಂಬರನ್ನು ಅವರ ಫೋಸ್ಕಾಸ್ ವೆಬ್‌ಸೈಟಿನಲ್ಲಿ ಹಾಕಿದರೆ ಯಾರದ್ದು ಅಂತ ಬರುತ್ತದೆ. ಮೊಬೈಲ್‌ನಲ್ಲಿ ಒಂದು ನಿಮಿಷದ ಕೆಲಸ. ಇಂಥ ಪೂರಕಗಳು ನಮ್ಮ ದೇಶದಲ್ಲಿ ಔಷಧದ ಕಾನೂನಿನಡಿ ಅಲ್ಲ, ಆಹಾರದ ಕಾನೂನಿನಡಿ ಬರುತ್ತವೆ. ಅದಕ್ಕೇ "ಔಷಧವಾಗಿ ಬಳಸಲು ಅಲ್ಲ" ಅನ್ನುವ ಸಾಲು ಡಬ್ಬಿ ಮೇಲೆ ಇರಲೇಬೇಕು. ಅದು ಇಂಗ್ಲಿಷಿನಲ್ಲಿ ಸಣ್ಣಗೆ ಇರುತ್ತದೆ. ಡಬ್ಬಿ ಕೇಳಿದವರಿಗೆ ನಾನು ಅದನ್ನು ಬೆರಳಿಟ್ಟು ಓದಿ ಹೇಳುತ್ತೇನೆ.

ಆಮೇಲೆ ಸಾರ ಎಷ್ಟು ಮಿ.ಗ್ರಾಂ., ಅದರಲ್ಲಿ ಓಪಿಸಿ ಶೇಕಡಾ ಎಷ್ಟು ಅಂತ ನೋಡಿ. ಬರೀ "ದ್ರಾಕ್ಷಿ ಬೀಜದ ಪುಡಿ" ಅಂತಿದ್ದರೆ ಅದು ಸಾರ ಅಲ್ಲ. ಶುಗರ್ ಗುಣ, ಬಿ.ಪಿ. ಮಾಯ ಅಂತ ಜಾಹೀರಾತು ಹಾಕಿದ್ದರೆ ಅಲ್ಲೇ ಬಿಟ್ಟುಬಿಡಿ. ಆಕ್ಷೇಪಾರ್ಹ ಔಷಧ ಜಾಹೀರಾತು ತಡೆಯುವ 1954ರ ಕಾನೂನಿನ ಪ್ರಕಾರ ಅಂಥ ಜಾಹೀರಾತೇ ಅಪರಾಧ.

ಶಾಕಾಹಾರಿಗಳು ಹಸಿರು ಗುರುತು ಹುಡುಕಿ. ಒಳಗಿನ ಪುಡಿ ಸಸ್ಯದ್ದೇ ಆದರೂ ಹೊರಗಿನ ಕವಚ ಜೆಲಾಟಿನ್ ಆಗಿರಬಹುದು. ಅದು ಪ್ರಾಣಿಯ ಮೂಳೆ, ಚರ್ಮದಿಂದ ಮಾಡಿದ್ದು. ಇದು ಗೊತ್ತಾಗದೆ ವರ್ಷಗಟ್ಟಲೆ ನುಂಗಿ ಆಮೇಲೆ ನೊಂದುಕೊಂಡ ಹಿರಿಯರನ್ನು ಕಂಡಿದ್ದೇನೆ.

ದಿನಕ್ಕೆ ಎಷ್ಟು?

ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 100ರಿಂದ 300 ಮಿ.ಗ್ರಾಂ. ಕೊಟ್ಟಿದ್ದಾರೆ. ದಿನಕ್ಕೆ ಇಷ್ಟು ಬೇಕೇ ಬೇಕು ಅನ್ನುವ ಪ್ರಮಾಣ ಅಂತ ಇಲ್ಲ, ಯಾಕೆಂದರೆ ಇದು ಮೈಗೆ ಬೇಕೇ ಬೇಕಾದ ಪೋಷಕಾಂಶ ಅಲ್ಲ. ತೆಗೆದುಕೊಳ್ಳದಿದ್ದರೆ ಯಾವ ಕೊರತೆಯೂ ಆಗುವುದಿಲ್ಲ. ಡಬ್ಬಿ ಮೇಲಿನ ಪ್ರಮಾಣ ಮೀರಬೇಡಿ.

ಡಾಕ್ಟರ್ ಪರವಾಗಿಲ್ಲ ಅಂದ್ರು. ಹೇಗೆ ಶುರು ಮಾಡೋದು?

ಕ್ಯಾಪ್ಸೂಲ್ ಮುಟ್ಟುವ ಮೊದಲು ಒಂದು ವಾರ ಬಿ.ಪಿ. ಬರೆದಿಡಿ. ಬೆಳಿಗ್ಗೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ಚಹಾ ಕುಡಿಯುವ ಮೊದಲು. ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲೇ ಪೆನ್ನಿನಿಂದ ಬರೆಯಿರಿ. ಆಮೇಲೆ ಊಟದ ಜೊತೆ ಶುರು ಮಾಡಿ. ಆ ಹೊತ್ತಿನಲ್ಲಿ ಬೇರೆ ಹೊಸದು ಯಾವುದನ್ನೂ ಶುರು ಮಾಡಬೇಡಿ, ಏನಾದರೂ ಆದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ. ಎಂಟು ವಾರ ನೋಡಿ. ಅಂಕಿಯಲ್ಲಿ ಬದಲಾವಣೆ ಇಲ್ಲದಿದ್ದರೆ ಮುಂದಿನ ಡಬ್ಬಿ ಕೊಳ್ಳಬೇಡಿ. ಈ ಮಾತು ಅಂಗಡಿಯವರಾದ ನಾವೇ ಹೇಳಬೇಕು.

ಡಬ್ಬಿಯನ್ನು ಒಲೆ ಮೇಲಿನ ಗೂಡಿನಲ್ಲಿ, ತಗಡಿನ ಮನೆಯ ಕಿಟಕಿಯಲ್ಲಿ ಇಡಬೇಡಿ. ನಮ್ಮ ಸೆಖೆಗೆ ಕವಚ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ನೆಲಕ್ಕೆ ಹತ್ತಿರದ, ಬಿಸಿಲು ಬೀಳದ ಕಪಾಟು ಒಳ್ಳೆಯದು, ಆದರೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ.

ಕ್ಯಾಪ್ಸೂಲ್ ಬದಲು ಊಟದಲ್ಲೇ ಏನಾದ್ರೂ ಮಾಡಬಹುದಾ?

ಇದನ್ನು ಕೇಳಿದರೆ ನನಗೆ ನಿಜಕ್ಕೂ ಸಂತೋಷ ಆಗುತ್ತದೆ. ಬಿ.ಪಿ.ಗೆ ನಮ್ಮ ಮನೆಯಲ್ಲೇ ದೊಡ್ಡ ಔಷಧ ಇದೆ, ಉಪ್ಪು ಕಡಿಮೆ ಮಾಡುವುದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಚಹಾ ಚಮಚದಲ್ಲಿ ಒಂದಕ್ಕಿಂತ ಕಡಿಮೆ, ಇಡೀ ದಿನಕ್ಕೆ. ಬೆಳಿಗ್ಗೆಯ ಒಗ್ಗರಣೆ ಮಿರ್ಚಿ, ಮಧ್ಯಾಹ್ನದ ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಮಜ್ಜಿಗೆಯ ಉಪ್ಪು ಕೂಡಿಸಿದರೆ ಎಲ್ಲಿಗೋ ಹೋಗುತ್ತದೆ.

ಒಗರಿನ ಒಳ್ಳೆಯ ವಸ್ತುಗಳು ಬೇಕಾದರೆ ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಬೆಳೆಯುವ ದಾಳಿಂಬೆ ಇದೆ, ಸೀಸನ್‌ನಲ್ಲಿ ನೇರಳೆ ಇದೆ, ಕಪ್ಪು ದ್ರಾಕ್ಷಿ ಇದೆ. ಶೇಂಗಾ ಚಟ್ನಿ ಕುಟ್ಟುವಾಗ ಕೆಂಪು ಸಿಪ್ಪೆಯನ್ನು ಪೂರ್ತಿ ಊದಿ ಹಾರಿಸಬೇಡಿ, ಅರ್ಧ ಇರಲಿ. ಅವ್ವ ಈಗ ಹಾಗೇ ಮಾಡುತ್ತಾಳೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ರುಚಿ ಕೆಡುವುದಿಲ್ಲ.

ತಗೊಂಡ ಮೇಲೆ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಹೇಳೋದು?

ಮೊದಲು ಡಾಕ್ಟರಿಗೆ. ಉಸಿರು ಕಟ್ಟಿದರೆ, ಮುಖ ಊದಿದರೆ, ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಆಮೇಲೆ, ಔಷಧದಿಂದ ಆದ ತೊಂದರೆಗಳನ್ನು ದಾಖಲು ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ಜನಸಾಮಾನ್ಯರೂ ಕರೆ ಮಾಡಿ ತಿಳಿಸಬಹುದು. ತೊಂದರೆ ಆಯ್ತು ಅಂತ ಸಿಟ್ಟಿನಲ್ಲಿ ಡಬ್ಬಿ ತಿಪ್ಪೆಗೆ ಎಸೆಯಬೇಡಿ. ಅದರ ತಳದಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಫೋನ್ ಎತ್ತಿದವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.